ವಿಮಾನದ ಬಿಳಿಗೆರೆ: ಎಂಜಿನ್ ಎಲ್ಲಿದೆ ಎಂಬುದು ಮುಖ್ಯವೇ?

ಪರ

ತೊಗರಿ ರಾಶಿಯ ದಿನಗಳಲ್ಲಿ ಕಲಬುರಗಿಯ ಆಕಾಶ ತಿಳಿಯಾಗಿರುತ್ತದೆ. ಮೇಲೆ ವಿಮಾನವೊಂದು ಬಿಳಿಗೆರೆ ಎಳೆಯುತ್ತ ಹೋದರೆ ಹೊಲದಲ್ಲಿದ್ದವರು ‘ರಾಕೆಟ್ ಹೊಂಟದ ನೋಡ್ರಿ’ ಎನ್ನುತ್ತಾರೆ. ಎಂಜಿನ್ ಉಗುಳಿದ ಹಬೆ ಚಳಿಗೆ ಹೆಪ್ಪುಗಟ್ಟಿ ಆದ ಹಿಮಹರಳುಗಳೇ ಈ ಗೆರೆ. ಕೆಲವು ಗೆರೆ ನಿಮಿಷದಲ್ಲೇ ಕರಗುತ್ತವೆ, ಕೆಲವು ತೆಳುಮೋಡವಾಗಿ ಹರಡಿ ನೆಲದ ಕಾವನ್ನು ತಡೆಹಿಡಿಯುತ್ತವೆ. ಹುಟ್ಟಿದ ಗೆರೆಯ ಮುಂದಿನ ಪಾಡಿನಲ್ಲಿ ಎಂಜಿನ್ನಿನ ಜಾಗಕ್ಕೆ ದೊಡ್ಡ ಪಾತ್ರವಿದೆ.

ರೆಕ್ಕೆಯ ಎರಡು ತುದಿಗಳಿಂದ ಹೊರಳುವ ಗಾಳಿ ವಿಮಾನದ ಹಿಂದೆ ಎರಡು ಸುಳಿಗಳಾಗುತ್ತದೆ. ಸುಳಿಗಳ ನಡುವಿನ ಅಂತರ ರೆಕ್ಕೆಯಗಲದ (ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಯವರೆಗಿನ ಅಳತೆಯ) ಸುಮಾರು ಶೇ 78. ಬೋಯಿಂಗ್ 747-400ರ ರೆಕ್ಕೆಯಗಲ 64.4 ಮೀಟರ್, ಅಂದರೆ ಒಂದೊಂದು ಸುಳಿಯ ನಡು ವಿಮಾನದ ಮಧ್ಯರೇಖೆಯಿಂದ ಸುಮಾರು 25 ಮೀಟರ್ ದೂರ. ಅದರ ಹೊರಗಿನ ಎಂಜಿನ್ ಸುಮಾರು 21 ಮೀಟರಿನಲ್ಲಿದೆ, ಸುಳಿಯ ಮಗ್ಗುಲಲ್ಲೇ. ಒಳಗಿನದು 12ರ ಹತ್ತಿರ. ಕಲಬುರಗಿಗೆ ಬಂದಿಳಿದ ಎಂಬ್ರೇಯರ್ 145ರಲ್ಲಿ ಎಂಜಿನ್‌ಗಳಿರುವುದು ಬಾಲದ ಬಳಿ, ಒಡಲಿಗೆ ಅಂಟಿಕೊಂಡು. ಅಲ್ಲಿ ಸುಳಿ 8 ಮೀಟರ್ ಆಚೆ, ಎಂಜಿನ್ ಸುಮಾರು 2 ಮೀಟರಿನಲ್ಲಿ.

ಸುಳಿಯ ಪಕ್ಕದ ಎಂಜಿನ್ ಉಗುಳಿದ ಹಬೆ ಬೇಗನೆ ಸುಳಿಯೊಳಗೆ ಸೇರುತ್ತದೆ. ಜೋಡಿ ಸುಳಿ ಒಂದೆರಡು ನಿಮಿಷದಲ್ಲಿ 150ರಿಂದ 300 ಮೀಟರ್ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಪ್ರತಿ 100 ಮೀಟರಿಗೆ ಹತ್ತಿರಹತ್ತಿರ 1 ಡಿಗ್ರಿ ಬಿಸಿಯಾಗುತ್ತದೆ. ಆ ಚಳಿಯಲ್ಲಿ ಒಂದು ಡಿಗ್ರಿಯೆಂದರೆ ಹಿಮಕ್ಕೆ ಹೋಲಿಸಿದ ಆರ್ದ್ರತೆಯಲ್ಲಿ ಶೇ 10ರಷ್ಟು ಇಳಿಕೆ. ಶೇ 110 ಇದ್ದ ಕಡೆ 100 ಮೀಟರ್ ಇಳಿದರೆ ಸಾಕು, ಅದು ಶೇ 100ಕ್ಕೆ ಬಂದು ಹಿಮಹರಳು ಆವಿಯಾಗತೊಡಗುತ್ತವೆ. ಮಧ್ಯರೇಖೆಯ ಹತ್ತಿರ ಉಗುಳಿದ ಹಬೆಗೆ ಸುಳಿ ಸೇರುವ ಮೊದಲೇ ಹೊರಗಿನ ಗಾಳಿಯೊಂದಿಗೆ ಬೆರೆಯಲು ಹೆಚ್ಚು ಸಮಯ ಸಿಗುತ್ತದೆ. ಎಷ್ಟು ಹರಳು ಕೆಳಗೆ ಹೋಗಿ ಸಾಯುತ್ತವೆ, ಎಷ್ಟು ಮೇಲೆ ಪರದೆಯಂತೆ ಉಳಿಯುತ್ತವೆ ಎಂಬ ಲೆಕ್ಕದೊಳಗೆ ಈ ದೂರವೂ ಸೇರಿದೆ.

ನೋಡಬೇಕೆನ್ನುವವರು ನೆತ್ತಿಯ ಮೇಲೆ ಹೋಗುವ ವಿಮಾನವನ್ನೇ ಆರಿಸಿಕೊಳ್ಳಿ. ಓರೆಯಾಗಿ ಕಂಡದ್ದರ ಅಳತೆ ತಪ್ಪುತ್ತದೆ. ಕೈ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಸುಮಾರು 1 ಡಿಗ್ರಿ. 11 ಕಿಲೋಮೀಟರ್ ಎತ್ತರದಲ್ಲಿ ಅದು 190 ಮೀಟರ್. ನಾಲ್ಕು ಎಂಜಿನ್ನಿನ ವಿಮಾನದ ನಾಲ್ಕು ಎಳೆಗಳು ಎರಡಾಗುವುದು ಬರಿಗಣ್ಣಿಗೇ ಕಾಣುತ್ತದೆ. ಬೀದರಿನ ಮೇಲೆ ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡ ಬಿಡುವ ಹೊಗೆ ಬೇರೆಯೇ: ಅದು ಬಿಸಿ ಹಬೆಗೆ ಎಣ್ಣೆ ಚಿಮ್ಮಿಸಿ ಮಾಡಿದ್ದು, ಹಿಮವಲ್ಲ.

ಹೊಸ ವಿಮಾನದ ನಕ್ಷೆ ಹಾಕುವಾಗ ತೂಕ, ಸದ್ದು, ಇಂಧನಗಳ ಜೊತೆಗೆ ಈ ಲೆಕ್ಕವನ್ನೂ ಹಾಕಲೇಬೇಕು.

ವಿರೋಧ

ಸುಳಿಯ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಎರಡನೆಯ ಅಧ್ಯಾಯ. ಗೆರೆ ಹುಟ್ಟುತ್ತದೋ ಇಲ್ಲವೋ ಎಂಬ ಮೊದಲನೆಯ ಅಧ್ಯಾಯದಲ್ಲಿ ಎಂಜಿನ್ನಿನ ಜಾಗದ ಹೆಸರೇ ಇಲ್ಲ.

ಒಂದು ಕಿಲೋ ವಿಮಾನ ಸೀಮೆಎಣ್ಣೆ ಉರಿದರೆ ಸುಮಾರು 1.25 ಕಿಲೋ ನೀರಾವಿ ಬರುತ್ತದೆ. ಅದು ತಣ್ಣನೆಯ ಗಾಳಿಯಲ್ಲಿ ಬೆರೆಯುವಾಗ ಒಂದು ಗಳಿಗೆಯಾದರೂ ನೀರಿನ ಹನಿ ಕಟ್ಟುವಷ್ಟು ಆರ್ದ್ರವಾಗಬೇಕು. ಆಮೇಲೆ ಹನಿ ಹೆಪ್ಪುಗಟ್ಟುತ್ತದೆ. ಇದನ್ನು ನಿರ್ಧರಿಸುವುದು ಸುತ್ತಲ ಉಷ್ಣಾಂಶ, ಒತ್ತಡ, ಆರ್ದ್ರತೆ, ಇಂಧನ ಮತ್ತು ಎಂಜಿನ್ನಿನ ದಕ್ಷತೆ. ಸಾಮಾನ್ಯವಾಗಿ −40 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ನಮ್ಮ ಅಕ್ಷಾಂಶದಲ್ಲಿ ಅದು ಸಿಗುವುದು 11 ಕಿಲೋಮೀಟರಿನ ಆಸುಪಾಸು. ಪ್ರೊಪೆಲರ್ ವಿಮಾನವಾದ ಎಟಿಆರ್ 72ರ ಗರಿಷ್ಠ ಎತ್ತರ 25,000 ಅಡಿ, ಅಂದರೆ 7.6 ಕಿಲೋಮೀಟರ್. ಅದರ ಎಂಜಿನ್ ಎಲ್ಲಿಟ್ಟರೂ ಕಲಬುರಗಿಯ ಮೇಲೆ ಗೆರೆ ಬೀಳದು.

ಇನ್ನೂ ಗಟ್ಟಿಯಾದ ಸಾಕ್ಷ್ಯವಿದೆ. ಜರ್ಮನಿಯ ವಿಮಾನ–ಬಾಹ್ಯಾಕಾಶ ಸಂಶೋಧನೆಯ ಡಿಎಲ್ಆರ್ ಸಂಸ್ಥೆಯ ಉಲ್ರಿಕ್ ಶೂಮನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಏರ್‌ಬಸ್ ಎ340 ಮತ್ತು ಬೋಯಿಂಗ್ 707 ಜೊತೆಜೊತೆಗೆ ಹಾರಿದವು. ಎರಡಕ್ಕೂ ರೆಕ್ಕೆಯ ಕೆಳಗೆ ನಾಲ್ಕು ಎಂಜಿನ್. ಒಂದು ಎತ್ತರದಲ್ಲಿ ಎ340 ಗೆರೆ ಎಳೆಯಿತು, 707 ಎಳೆಯಲಿಲ್ಲ. ಹೊಸ ಎಂಜಿನ್ ಹೆಚ್ಚು ದಕ್ಷ, ಹಬೆಯ ಬಿಸಿ ಕಡಿಮೆ, ಆದ್ದರಿಂದ ಬೇಗ ಆರ್ದ್ರವಾಗುತ್ತದೆ. ಒಂದೇ ಜಾಗ, ಎರಡು ಫಲ!

ಇನ್ನು ಹರಡುವ ಮಾತು. ಕೆಳಗಿನ ಪದರ ಒಣಗಿದ್ದರೆ ಸುಳಿಗೆ ಸೇರಿದ ಹಿಮ ಸಾಯುತ್ತದೆ, ಒಪ್ಪುತ್ತೇನೆ. ಆದರೆ ಕೆಳಗೂ ಆರ್ದ್ರತೆ ತುಂಬಿದ್ದರೆ ಅದೇ ಇಳಿತ ಗೆರೆಯನ್ನು ಉದ್ದುದ್ದ ಚಾಚುತ್ತದೆ. ಮೇಲೊಂದು ವೇಗ, ಕೆಳಗೊಂದು ವೇಗದ ಗಾಳಿ ಅದನ್ನು ಕಿಲೋಮೀಟರುಗಟ್ಟಲೆ ಎಳೆಯುತ್ತದೆ. ಇಂದು ಒಳ್ಳೆಯದು ಮಾಡಿದ ಜಾಗ ನಾಳೆ ಕೆಟ್ಟದ್ದು ಮಾಡುತ್ತದೆ. ವಿನ್ಯಾಸಕಾರ ಯಾವ ದಿನದ ಗಾಳಿಗೆ ಎಂಜಿನ್ ಜೋಡಿಸಬೇಕು?

ಜಾಗ ಬದಲಿಸುವುದು ಸುಲಭವೂ ಅಲ್ಲ. ರೆಕ್ಕೆಯ ಕೆಳಗಿನ ಎಂಜಿನ್ ತನ್ನ ಭಾರದಿಂದಲೇ ರೆಕ್ಕೆ ಮೇಲಕ್ಕೆ ಬಾಗುವುದನ್ನು ತಡೆಯುತ್ತದೆ. ಬಾಲಕ್ಕೆ ಒಯ್ದರೆ ರೆಕ್ಕೆಯ ಬುಡ ಗಟ್ಟಿ ಮಾಡಬೇಕು, ಇಂಧನದ ಕೊಳವೆ ಉದ್ದವಾಗುತ್ತದೆ, ತೂಕದ ನಡು ಹಿಂದೆ ಸರಿಯುತ್ತದೆ, ಅಡ್ಡಬಾಲವನ್ನು ಸಾಮಾನ್ಯವಾಗಿ ಮೇಲೆತ್ತಬೇಕಾಗುತ್ತದೆ. ತೂಕ ಹೆಚ್ಚಿದರೆ ಇಂಧನವೂ ಹೆಚ್ಚು.

ಕೈಗೆಟುಕುವ ದಾರಿಗಳು ಬೇರೆ ಇವೆ. ಹಿಮಹರಳಿಗೆ ಬೀಜವಾಗುವುದು ಮಸಿಯ ಕಣ. ಜೈವಿಕ ಮೂಲದ ಇಂಧನವನ್ನು ಅರ್ಧದಷ್ಟರವರೆಗೆ ಬೆರೆಸಿ ನಡೆಸಿದ ಪರೀಕ್ಷಾ ಹಾರಾಟಗಳಲ್ಲಿ ಹರಳಿನ ಸಂಖ್ಯೆ ಶೇ 50ರಿಂದ 70ರಷ್ಟು ಇಳಿದಿದೆ. ಆರ್ದ್ರ ಪದರಗಳು ಬಹಳ ಸಲ ಕೆಲವೇ ನೂರು ಮೀಟರ್ ದಪ್ಪವಿರುತ್ತವೆ, 2,000 ಅಡಿ ಮೇಲೆ ಅಥವಾ ಕೆಳಗೆ ಹೋದರೆ ತಪ್ಪಿಸಬಹುದು. ತೊಡಕಿರುವುದು ಆ ಚಳಿಯಲ್ಲಿ ಆರ್ದ್ರತೆಯನ್ನು ಸರಿಯಾಗಿ ಅಳೆಯುವುದರಲ್ಲಿ. ಹಾಗಾಗಿ ಮೊದಲು ವಿಮಾನಗಳಿಗೇ ಆರ್ದ್ರತಾಮಾಪಕ ಕೂರಿಸಬೇಕು, ರಾತ್ರಿಯ ಹಾರಾಟಗಳಿಂದಲೇ ಶುರು ಮಾಡಬೇಕು. ಹಗಲಿನ ಗೆರೆ ಬಿಸಿಲನ್ನು ಒಂದಿಷ್ಟಾದರೂ ಹಿಂದಕ್ಕೆ ಕಳಿಸುತ್ತದೆ, ರಾತ್ರಿಯದು ನೆಲದ ಕಾವನ್ನು ತಡೆಹಿಡಿಯುವುದೊಂದೇ.