ಕಾರು ಮಾತಾಡುವಾಗ ಬಸ್ಸು ಬಾಯಿ ಮುಚ್ಚಿರಬೇಕು

ಎಕ್ಸ್‌ಪ್ರೆಸ್‌ವೇ ಜಾಮ್‌ಗೆ ಕೊನೆಗೂ ಮದ್ದು ಸಿಕ್ಕಿದೆಯಂತೆ. ಇನ್ನು ಮುಂದೆ ಕಾರುಗಳೇ ಪರಸ್ಪರ ಮಾತಾಡಿಕೊಂಡು ತಾವಾಗಿಯೇ ಓಡುತ್ತವಂತೆ. ಒಳಗಿರುವ ಜನ ಮಾತಾಡಿಕೊಂಡು ಒಂದೇ ಬಸ್ಸು ಹತ್ತಿದ್ದರೂ ಜಾಮ್ ಕರಗುತ್ತಿತ್ತು. ಆದರೆ ಅದಕ್ಕೆ ರಿಬ್ಬನ್ ಕತ್ತರಿಸಲು ಬರುವುದಿಲ್ಲವಲ್ಲ!

ಅದನ್ನು ಮಾರುವವರ ಸ್ಲೈಡಿನಲ್ಲಿ ಲೆಕ್ಕವೇನೋ ಚೆಂದ. ತಾಸಿಗೆ 108 ಕಿ.ಮೀ. ಅಂದರೆ ಸೆಕೆಂಡಿಗೆ 30 ಮೀಟರ್. ಚಾಲಕ ಒಂದೂವರೆ ಸೆಕೆಂಡಿನ ಅಂತರ ಬಿಟ್ಟರೆ 45 ಮೀಟರ್, ಕಾರಿನ ಉದ್ದ ಸೇರಿ 50. ಒಂದು ಲೇನಿನಲ್ಲಿ ತಾಸಿಗೆ 2,160 ಕಾರು. ರೇಡಿಯೊ ಸಂಪರ್ಕವಿದ್ದರೆ ಅಂತರ 0.6 ಸೆಕೆಂಡಿಗೆ, ಅಂದರೆ 18 ಮೀಟರಿಗೆ ಇಳಿಯಬಲ್ಲದು; ಸಂಖ್ಯೆ ಸುಮಾರು 4,700ಕ್ಕೆ ಜಿಗಿಯುತ್ತದೆ. ಇಲ್ಲಿಗೆ ಸ್ಲೈಡ್ ಮುಗಿಯಿತು, ಚಪ್ಪಾಳೆ.

ಮುಂದಿನ ಸ್ಲೈಡ್ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಆ 0.6 ದಕ್ಕುವುದು ಮುಂದಿನ ಕಾರೂ ಸ್ವಜಾತಿಯದಾದರೆ ಮಾತ್ರ. ನೂರರಲ್ಲಿ 20 ಕಾರು ಇಂಥವಾದರೆ, ಮುಂದೆ ಸ್ವಜಾತಿ ಸಿಗುವುದು ಸರಾಸರಿ ನಾಲ್ಕಕ್ಕೆ. ಉಳಿದ ಹದಿನಾರೂ ತಮ್ಮ ರಾಡಾರನ್ನಷ್ಟೇ ನಂಬಿ, ಮುಂದಿನ ಕಾರು ನೋಡಿ ವೇಗ ಹೊಂದಿಸಿಕೊಳ್ಳುವ ಮಾಮೂಲಿ ಕ್ರೂಸ್ ಕಂಟ್ರೋಲ್‌ಗಳು. ಮುಂದಿನವನು ಬ್ರೇಕ್ ತುಳಿದದ್ದು ತುಸು ತಡವಾಗಿ ತಿಳಿದು, ತುಸು ಹೆಚ್ಚೇ ಒತ್ತುತ್ತವೆ. ಹಿಂದಿನದು ಇನ್ನೂ ಹೆಚ್ಚು. ಮೊದಲ ಕಾರಿನ ಕೆಮ್ಮು ಎಂಟನೆಯದನ್ನು ಮುಟ್ಟುವಷ್ಟರಲ್ಲಿ ನ್ಯುಮೋನಿಯಾ. ಮನುಷ್ಯರೂ ಮಾಡುತ್ತಿದ್ದದ್ದು ಇದನ್ನೇ, ಆದರೆ ಸಬ್ಸಿಡಿ ಇಲ್ಲದೆ.

ಇನ್ನು ಬಸ್ಸು. ಎಕ್ಸ್‌ಪ್ರೆಸ್‌ವೇ ಸೇರುವ ರ‍್ಯಾಂಪಿನಿಂದ 60ರ ವೇಗದಲ್ಲಿ ಬಂದ 12 ಮೀಟರಿನ ಬಸ್ಸು, ನಿಂತ ಪ್ರಯಾಣಿಕರನ್ನು ಉರುಳಿಸದೆ 100 ಮುಟ್ಟಲು ಸುಮಾರು 11 ಸೆಕೆಂಡು, 245 ಮೀಟರ್ ಬೇಕು. ಪಕ್ಕದ ಲೇನಿನಲ್ಲಿ ಎಂಟು ಕಾರಿನ ಮೆರವಣಿಗೆ, 166 ಮೀಟರ್ ಉದ್ದದ ಗೋಡೆ. ಕಾರುಗಳು ಸೆಕೆಂಡಿಗೆ ಹತ್ತು ಸಲ ಸಂದೇಶ ಕಳಿಸುತ್ತವೆ, ಬಸ್ಸಿಗೆ ಕೇಳಿಸುವುದಿಲ್ಲ. ರೇಡಿಯೊ ಹಾಕಿದ್ದು ಕಾರಿಗೆ ಮಾತ್ರ. ರ‍್ಯಾಂಪು ಮುಗಿಯುತ್ತ ಬಂದಾಗ ಬಸ್ಸು ಮೂತಿ ತೂರಿಸುತ್ತದೆ. 18 ಮೀಟರಿನ ಸಂದಿಯಲ್ಲಿ 12 ಬಸ್ಸಿಗೇ ಹೋಯಿತು, ಮುಂದೆ ಹಿಂದೆ ಸೇರಿ ಉಳಿದದ್ದು ಆರು. ಗೋಡೆ ಗಕ್ಕನೆ ಕುಸಿಯುತ್ತದೆ, ಬ್ರೇಕಿನ ಅಲೆ ಹಿಂದಕ್ಕೆ ಹೊರಡುತ್ತದೆ. ವರದಿಯಲ್ಲಿ ಕಾರಣ: ‘ಬಸ್ಸಿನ ಅಡಚಣೆ’.

ಅಮೆರಿಕದ ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ದಾಟಿಸುವ ಲಿಂಕನ್ ಸುರಂಗಕ್ಕೆ ಹೋಗುವ ಹೆದ್ದಾರಿಯಲ್ಲಿ 1970ರಿಂದಲೂ ಬೆಳಗಿನ ನಾಲ್ಕು ತಾಸು ಎದುರುದಿಕ್ಕಿನ ಒಂದು ಲೇನನ್ನು ಬಸ್ಸಿಗೇ ಬಿಟ್ಟುಕೊಡುತ್ತಾರೆ. ಒಂದು ಬೆಳಗಿಗೆ ಸುಮಾರು 1,850 ಬಸ್ಸು, 70,000 ಜನ. ಮೇಲಿನ ಸ್ಲೈಡಿನ ಪವಾಡ ಪೂರ್ತಿ ಫಲಿಸಿದರೂ ಅಷ್ಟೇ ಹೊತ್ತಿಗೆ 18,800 ಕಾರು, ಹೆಚ್ಚಿನವುಗಳಲ್ಲಿ ಒಬ್ಬೊಬ್ಬರೇ. ಅಲ್ಲಿ ಲೇನ್ ಬೇರ್ಪಡಿಸುವ ಸುಧಾರಿತ ತಂತ್ರಜ್ಞಾನವೆಂದರೆ ರಸ್ತೆಯ ತೂತಿಗೆ ಕೈಯಿಂದ ಸಿಕ್ಕಿಸುವ ಹಳದಿ ಪ್ಲಾಸ್ಟಿಕ್ ಗೂಟ. ಅದಕ್ಕೆ ಆ್ಯಪ್ ಕೂಡ ಇಲ್ಲ.