ಬಿಳಿಮೀನು ಬಿಡಿ, ಕ್ಯಾಟ್‌ಫಿಶ್ ಬಿಡಬೇಡಿ

ಕಾವೇರಿಯಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರಲ್ಲಿ ಒಂದು ರೂಢಿ ಗಟ್ಟಿಯಾಗಿದೆ: ಹಿಡಿ, ಫೋಟೊ ತೆಗಿ, ವಾಪಸ್ ಬಿಡು. ಬಿಳಿಮೀನಿನ, ಅಂದರೆ ಮಹಸೀರಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ರೂಢಿ ಇಲ್ಲ. ಆದರೆ ಅದೇ ಮರ್ಯಾದೆ ಈಗ ಆಫ್ರಿಕನ್ ಕ್ಯಾಟ್‌ಫಿಶ್‌ಗೂ ಸಿಗುತ್ತಿದೆ. ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಫೋಟೊ, ಕೆಳಗೆ ‘ಸುರಕ್ಷಿತವಾಗಿ ಬಿಡಲಾಯಿತು’ ಅಂತ ಒಕ್ಕಣೆ, ಅದಕ್ಕೆ ಲೈಕುಗಳ ಸುರಿಮಳೆ. ನನ್ನ ಪ್ರಕಾರ ಮೀನುಗಾರಿಕೆ ಇಲಾಖೆ ಕೊಡುವ ಗಾಳದ ಪರ್ಮಿಟ್ಟಿನಲ್ಲೇ ಬರೆದುಬಿಡಬೇಕು: ಈ ಒಂದು ಮೀನನ್ನು ಜೀವಂತ ನೀರಿಗೆ ಬಿಡುವಂತಿಲ್ಲ. ದಿನಕ್ಕಿಷ್ಟೇ ಅನ್ನುವ ಮಿತಿ ಬೇಡ, ಇಷ್ಟುದ್ದ ಇರಬೇಕು ಅನ್ನುವ ಮಿತಿಯೂ ಬೇಡ.

ಕೇಂದ್ರ ಸರ್ಕಾರ ಈ ಮೀನಿನ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ನಿಷೇಧ ಜಾರಿ ಮಾಡಿ ಅಂದಿತು. ಅಂದರೆ ಹೊಂಡದಲ್ಲಿ ಸಾಕಿದರೆ ಅಪರಾಧ, ಹೊಳೆಗೆ ಬಿಟ್ಟರೆ ಪುಣ್ಯ! ಹೊಂಡದಿಂದ ಹೊಳೆಗೆ ಬರೋದು ಹೇಗೆ ಅನ್ನೋದು ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಬೆಳೆಸುವ ಹೊಂಡಗಳಿರೋದೇ ನಾಲೆ ಬಯಲಿನಲ್ಲಿ. ಜೋರು ಮಳೆಗೆ ಹೊಂಡ ತುಂಬಿ ಕಟ್ಟೆ ಮೇಲೆ ನೀರು ಹರಿದರೆ ಮೀನು ಗದ್ದೆಗೆ, ಗದ್ದೆಯಿಂದ ಬಸಿಗಾಲುವೆಗೆ, ಕೆರೆ ಕೋಡಿ ಬಿದ್ದರೆ ಹಳ್ಳಕ್ಕೆ, ಕಡೆಗೆ ಶಿಂಷಾಕ್ಕೋ ಕಾವೇರಿಗೋ. ಕಿವಿರಿನ ಮೇಲ್ಭಾಗದಲ್ಲಿ ಗಾಳಿಯಿಂದಲೇ ಉಸಿರಾಡುವ ಅಂಗ ಇರುವುದರಿಂದ ಒದ್ದೆ ನೆಲದ ಮೇಲೆ ತೆವಳಿಕೊಂಡೂ ಒಂದಷ್ಟು ದೂರ ಹೋಗುತ್ತೆ.

ಹೊಳೆಗೆ ಬಂದಮೇಲೆ ಬಾಯಿಗೆ ಹಿಡಿಸುವುದನ್ನೆಲ್ಲ ತಿನ್ನುತ್ತೆ: ಗೆಂಡೆ ಮರಿ, ಮೊಟ್ಟೆ, ಸೀಗಡಿ, ಕಪ್ಪೆ. ರಾಜ್ಯದ ಮೀನು ಅಂತ ಹೆಸರು ಹೊತ್ತಿರುವ ಕರ್ನಾಟಿಕ್ ಕಾರ್ಪ್ ಕೂಡ ಗೆಂಡೆಯೇ. ಸಂತಾನದ ಲೆಕ್ಕ ನೋಡಿ. ಒಂದು ಗ್ರಾಂ ತತ್ತಿಯಲ್ಲಿ ಸುಮಾರು 600ರಿಂದ 700 ಮೊಟ್ಟೆ. ಎರಡು ಕೆ.ಜಿ. ಹೆಣ್ಣು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ತತ್ತಿ ಹೊತ್ತರೂ ಲಕ್ಷ ದಾಟಿತು. ಮುಂಗಾರಿನ ನೀರು ಅಂಚಿನ ಹುಲ್ಲಿಗೆ ಏರಿದಾಗ ಇಡುವ ಮೊಟ್ಟೆ ಇದು. ಹಾಗಾಗಿ ಮೇ ತಿಂಗಳಲ್ಲಿ ತೆಗೆದ ಒಂದು ಹೊಟ್ಟೆ ಉಬ್ಬಿದ ಹೆಣ್ಣು, ಅಕ್ಟೋಬರಿನಲ್ಲಿ ತೆಗೆದ ನಾಲ್ಕಾರು ಮೀನಿಗಿಂತ ಹೆಚ್ಚು.

ದೊಡ್ಡದನ್ನು ಮಾತ್ರ ತೆಗೆದು ಚಿಕ್ಕದು ಹೋಗಲಿ ಅಂತ ಬಿಟ್ಟರೆ ಮಾತ್ರ ಕೆಲಸ ಕೆಟ್ಟಿತು. ಇವು ತಮ್ಮ ಮರಿಗಳನ್ನೇ ತಿನ್ನುವ ಜಾತಿ. ಹಿರಿಯವು ಖಾಲಿಯಾದರೆ ಮರಿಗಳು ಹೆಚ್ಚು ಬದುಕುತ್ತವೆ, ಎರಡು ವರ್ಷದಲ್ಲಿ ಮೊದಲಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ಅಳತೆಯ ಮಿತಿ ಬೇಡ ಅಂದದ್ದು ಇದಕ್ಕೇ. ಗಾಳದಿಂದಲೇ ಈ ಮೀನು ನಿರ್ನಾಮ ಆಗುತ್ತೆ ಅಂತ ನಾನು ಹೇಳಲ್ಲ. ಕೆಲವು ಮಡುಗಳಲ್ಲಿ ಅದರ ಒತ್ತಡ ತಗ್ಗಿಸಬಹುದು, ಅಷ್ಟೆ. ಅಮೆರಿಕದ ಕೊಲಂಬಿಯಾ ನದಿಯಲ್ಲಿ ಸಾಲ್ಮನ್ ಮರಿ ತಿನ್ನುವ ಹೊರಗಿನ ಬಾಸ್, ವಾಲೈ ಮೀನುಗಳ ಮೇಲಿದ್ದ ದಿನದ ಮಿತಿ ತೆಗೆದರು. ಅಲ್ಲಿಯೂ ಅದು ಒಂದು ಉಪಾಯವೇ ಹೊರತು ಪೂರ್ತಿ ಮದ್ದಲ್ಲ.

ಗುರುತು ತಪ್ಪಿದರೆ ನಿಯಮವೇ ಅನಾಹುತ. ರಾತ್ರಿ, ಟಾರ್ಚ್ ಬೆಳಕಿನಲ್ಲಿ ನೋಡಬೇಕಾದ್ದು ಇಷ್ಟು. ಆಫ್ರಿಕನ್ ಕ್ಯಾಟ್‌ಫಿಶ್‌ಗೆ ನಾಲ್ಕು ಜೊತೆ ಮೀಸೆ, ಚಪ್ಪಟೆ ಗಟ್ಟಿ ತಲೆ, ಬೆನ್ನಿನ ಉದ್ದಕ್ಕೂ ಒಂದೇ ಈಜುರೆಕ್ಕೆ, ಬೂದು ಮೈಮೇಲೆ ಅಮೃತಶಿಲೆಯಂಥ ಕಪ್ಪು ಮಚ್ಚೆ. ಬಾಳೆ ಮೀನಿಗೆ ಎರಡೇ ಜೊತೆ ಮೀಸೆ, ಬೆಳ್ಳಿ ಮೈ, ಬೆನ್ನಿನ ಮೇಲೆ ಬೆರಳಷ್ಟು ರೆಕ್ಕೆ, ಹೊಟ್ಟೆ ಕೆಳಗೆ ಉದ್ದದ ರೆಕ್ಕೆ. ಬಾಲದ ಹತ್ತಿರ ಬೆನ್ನ ಮೇಲೆ ಕಡ್ಡಿಗಳಿಲ್ಲದ ಮೆತ್ತನೆ ಎರಡನೇ ರೆಕ್ಕೆ ಕಂಡರೆ ಕೈ ತೆಗೆಯಿರಿ, ಅದು ಬೇರೆ ಕುಟುಂಬ. ಕಾವೇರಿ ಬಿಟ್ಟು ಎಲ್ಲೂ ಇಲ್ಲದ, ಅಳಿವಿನ ಅಂಚಿನ ಹೆಮಿಬ್ಯಾಗ್ರಸ್ ಪಂಕ್ಟೇಟಸ್ ಇರುವುದು ಆ ಗುಂಪಿನಲ್ಲೇ. ಕಷ್ಟ ಇರೋದು ನಾಟಿ ಮಾಗೂರ್ ವಿಷಯದಲ್ಲಿ. ಅದಕ್ಕೂ ನಾಲ್ಕು ಜೊತೆ ಮೀಸೆ, ಅದೇ ಉದ್ದ ರೆಕ್ಕೆ. ಆದರೆ ಅದು ಒಂದೂವರೆ ಅಡಿ ದಾಟುವುದು ಅಪರೂಪ. ಎರಡಡಿ ಮೇಲಿದ್ದರೆ ಅನುಮಾನ ಬೇಡ. ಅದಕ್ಕಿಂತ ಚಿಕ್ಕದರಲ್ಲಿ ಮಚ್ಚೆ ಸ್ಪಷ್ಟ ಇದ್ದರಷ್ಟೇ ಇಟ್ಟುಕೊಳ್ಳಿ, ಸಂಶಯ ಬಂದರೆ ಬಿಡಿ.

ಗಾಳ ವೃತ್ತಾಕಾರದ್ದೇ ಇರಲಿ, ಸರ್ಕಲ್ ಹುಕ್ ಅಂತ ಸಿಗುತ್ತೆ, 5/0ರಿಂದ 8/0 ಅಳತೆಯದ್ದು, ಗಾಳದ ತುದಿಯ ಹಿಂಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ಕೋಳಿ ಈಲಿ, ಕರುಳು, ಎರೆಹುಳು ಸಾಕು. ಜೀವಂತ ಮೀನಿನ ಮರಿಯನ್ನು ಸಿಕ್ಕಿಸುವುದು ಪೂರ್ತಿ ನಿಷಿದ್ಧ ಆಗಬೇಕು. ಹೊರಗಿನದ್ದೇ ಆದ ಜಿಲೇಬಿ ಮೀನು (ಟಿಲಾಪಿಯಾ) ಹೊಸ ಹೊಸ ನೀರಿಗೆ ಸೇರಲು ಅದೂ ಒಂದು ದಾರಿ. ಈಲಿ ವಾಸನೆಗೆ ಬಾಳೆಯೂ ಬರುತ್ತೆ. ಮಾಮೂಲಿ ಗಾಳ ಆದರೆ ಹೊಟ್ಟೆಗಿಳಿಯುತ್ತೆ, ಸರ್ಕಲ್ ಹುಕ್ ಸಾಮಾನ್ಯವಾಗಿ ದವಡೆ ಮೂಲೆಗೇ ಕಚ್ಚಿಕೊಳ್ಳುತ್ತೆ. ಒಂದೇ ಷರತ್ತು: ಎಳೆತ ಬಂದ ತಕ್ಷಣ ರಾಡ್ ಜಗ್ಗಬಾರದು. ದಾರ ಬಿಗಿಯಾಗಲು ಬಿಟ್ಟು ನಿಧಾನ ಸುತ್ತಿ. ಜಗ್ಗುವ ಚಟ ಇರುವವರು ‘ಈ ಹುಕ್ ಹಿಡಿಯಲ್ಲ ಗುರು’ ಅಂತ ಬೈದು ಬಿಸಾಕುತ್ತಾರೆ. ಸೀಸದ ಗುಂಡನ್ನು ತೆಳು ದಾರದಲ್ಲಿ ಬೇರೆಯಾಗಿ ಕಟ್ಟಿ; ಬಂಡೆಗೆ ಸಿಕ್ಕಿಕೊಂಡರೆ ಗುಂಡು ಮಾತ್ರ ಹೋಗುತ್ತೆ, ಗಜಗಟ್ಟಲೆ ದಾರ ನೀರಲ್ಲಿ ಉಳಿಯಲ್ಲ. ಶ್ರೀರಂಗಪಟ್ಟಣದ ಸುತ್ತಮುತ್ತ ಮೊಸಳೆ ಇದೆ. ಕತ್ತಲಲ್ಲಿ ಮೊಣಕಾಲುದ್ದ ನೀರಿಗಿಳಿದು ಶೌರ್ಯ ತೋರಿಸಬೇಡಿ.

ಹಿಡಿದ ಮೇಲೆ ದಡದಲ್ಲಿ ಒದ್ದಾಡಲು ಬಿಡುವುದು ಕ್ರೌರ್ಯ, ಉಪಯೋಗವೂ ಇಲ್ಲ: ಮೈ ಒದ್ದೆ ಇದ್ದರೆ ಗಂಟೆಗಟ್ಟಲೆ ಸಾಯಲ್ಲ. ಒದ್ದೆ ಗೋಣಿ ಹಾಕಿ ಒತ್ತಿ ಹಿಡಿದು, ಕಣ್ಣಿನ ಹಿಂದೆ, ನೆತ್ತಿಯ ಮೇಲೆ ಭಾರದ ದೊಣ್ಣೆಯಿಂದ ಬಲವಾಗಿ ಹೊಡೆಯಬೇಕು. ತಲೆಬುರುಡೆ ದಪ್ಪ, ಹಗುರ ಕೋಲು ಪುಟಿಯುತ್ತೆ. ಆಮೇಲೆ ಕಿವಿರು ಕತ್ತರಿಸಿ ರಕ್ತ ಬಸಿಯಿರಿ. ಎದೆಯ ರೆಕ್ಕೆಯ ಮುಳ್ಳು ಅಂಗೈಗೆ ಹೊಕ್ಕರೆ ವಾರ ನೋಯುತ್ತೆ. ಹೊಟ್ಟೆ ಸೀಳಿ ಏನಿದೆ ನೋಡಿ, ಒಂದು ಫೋಟೊ ತೆಗೆಯಿರಿ. ಲೈಕಿಗೆ ತೆಗೆಯುವ ಫೋಟೊಗಿಂತ ಇದು ಉಪಯೋಗಕ್ಕೆ ಬರುತ್ತೆ.

ಮನೆಗೆ ಒಯ್ದು ಸಾರು ಮಾಡಿ, ಹಂಚಿ. ಆದರೆ ಮಾರಾಟಕ್ಕೆ ಅವಕಾಶ ಕೊಡಬಾರದು, ತಲೆಗಿಷ್ಟು ಅಂತ ಬಹುಮಾನವೂ ಬೇಡ. ದುಡ್ಡು ಸೇರಿದ ದಿನ ಯಾರೋ ಒಬ್ಬ ಮರಿ ತಂದು ಕೆರೆಗೆ ಸುರಿಯುತ್ತಾನೆ. ಜೀವಂತ ಸಾಗಿಸುವುದಂತೂ ಒಂದೇ ಒಂದಾದರೂ ದಂಡ.

‘ಹೊರಗಿನದ್ದನ್ನೆಲ್ಲ ಕೊಲ್ಲಬೇಕಾದರೆ ನೀಲಿ ರೆಕ್ಕೆಯ ಬಿಳಿಮೀನೂ ಹೊರಗಿನದ್ದೇ ಅಲ್ಲವಾ ಸಾರ್?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು, ಅದು ಕೃಷ್ಣಾ ಕಣಿವೆಯದು, ಲೋನಾವಳಾದಲ್ಲಿ ಮರಿ ಮಾಡಿಸಿ ಇಲ್ಲಿಗೆ ತಂದು ಬಿಟ್ಟದ್ದು. ಕಾವೇರಿಯದೇ ಆದದ್ದು ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಬಿಳಿಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ದಾಖಲೆ ಮೀನಿನ ವಂಶ. ಅದು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ಖಚಿತವಾದದ್ದೇ 2018ರಲ್ಲಿ, ಅದೇ ವರ್ಷ ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಆದರೂ ನೀಲಿ ರೆಕ್ಕೆಯದನ್ನು ಕೊಲ್ಲಿ ಅನ್ನುವ ನಿಯಮಕ್ಕೆ ನನ್ನ ವಿರೋಧವಿದೆ. ಮರಿಯಲ್ಲಿ ಎರಡಕ್ಕೂ ವ್ಯತ್ಯಾಸ ಹೇಳುವುದು ಕಷ್ಟ, ಒಂದು ತಪ್ಪಿಗೆ ಉಳಿದಿರುವ ಕೆಲವೇ ಗೂನುಬೆನ್ನುಗಳಲ್ಲಿ ಒಂದು ಹೋಗುತ್ತೆ. ಅಲ್ಲಿ ಮಾಡಬೇಕಾದ್ದು ನೀಲಿ ರೆಕ್ಕೆಯ ಮರಿ ತಂದು ಬಿಡುವುದನ್ನು ನಿಲ್ಲಿಸುವುದು.

ಅಭಯಾರಣ್ಯದ ಒಳಗೆ, ಭೀಮೇಶ್ವರಿ ಕಡೆಯಾಗಲಿ ರಂಗನತಿಟ್ಟಾಗಲಿ, ನಾವು ನೀವು ಗಾಳ ಹಿಡಿದು ಹೋಗುವ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯ 29ನೇ ಕಲಮಿನಡಿ, ವನ್ಯಜೀವಿಗಳ ಒಳಿತಿಗೆ ಅಗತ್ಯ ಅನಿಸಿದರೆ ತೆಗೆಸಲು ಸರ್ಕಾರಕ್ಕೇ ದಾರಿ ಇದೆ. ಹೊರಗಿನ ಹೊಳೆ, ಕೆರೆಗಳಿಗೆ ಮೀನುಗಾರಿಕೆ ಇಲಾಖೆ ಪರ್ಮಿಟ್ಟಿನ ಷರತ್ತು ತಿದ್ದಿದರೆ ಸಾಕು.

ಷರತ್ತಿನ ಜೊತೆಗೆ ಒಂದು ಪುಟದ ನಮೂನೆಯೂ ಬೇಕು: ಜಾಗ, ಎಷ್ಟು ಗಂಟೆ, ಎಷ್ಟು ರಾಡ್, ಏನು ಸಿಕ್ಕಿತು, ಉದ್ದ, ತೂಕ, ಹೊಟ್ಟೆಯಲ್ಲಿ ಏನಿತ್ತು. ಗೂನುಬೆನ್ನು ಕಮ್ಮಿಯಾಗಿ ನೀಲಿ ರೆಕ್ಕೆ ಹೆಚ್ಚಾದದ್ದು ಗೊತ್ತಾಗಿದ್ದೇ ಕಾವೇರಿ ದಡದ ಗಾಲಿಬೋರೆ ಕ್ಯಾಂಪಿನಲ್ಲಿ ಗಾಳ ಹಾಕುವವರು ಬರೆದಿಟ್ಟ ಪುಸ್ತಕಗಳಿಂದ. ಏನೂ ಸಿಗದ ದಿನವನ್ನೂ ತುಂಬಲೇಬೇಕು, ಸೊನ್ನೆ ಬರೆಯದಿದ್ದರೆ ಗಂಟೆಗೆ ಎಷ್ಟು ಸಿಗುತ್ತಿದೆ ಅನ್ನೋ ಲೆಕ್ಕವೇ ಸುಳ್ಳಾಗುತ್ತೆ.