ಲಕ್ಷ್ಮಿ ಚಿತ್ರದ ಪತ್ತೇದಾರಿ ಕಾದಂಬರಿ

ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ ಒಂದು ಪುಸ್ತಕದಂಗಡಿ ಮುಂದೆ ನಿಂತಿದ್ದೆ. ಕೈಗೆತ್ತಿಕೊಂಡ ಪುಸ್ತಕಕ್ಕೆ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿತ್ತು. 'ಒಳಗ ಸ್ವಲ್ಪ ನೋಡಬಹುದೇನಪಾ?' ಎಂದೆ. 'ಹರೀಬ್ಯಾಡ್ರಿ ಸರ್. ಮ್ಯಾಲ ಚಿತ್ರ ಐತಲ್ರಿ, ಎಲ್ಲಾ ತಿಳೀತೈತಿ' ಎಂದ ಹುಡುಗ. ಚಿತ್ರದಲ್ಲಿ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ಮುಳುಗೋ ಸೂರ್ಯನನ್ನು ನೋಡುತ್ತಿದ್ದಳು. ತಿಳೀತು ಬಿಡಪ್ಪ!

ಇಳಕಲ್ ಸೀರೆ ಅಂಗಡಿಯವರು ಬರೀ ದಡಿ ತೋರಿಸಿ ಸುಮ್ಮನಾಗುತ್ತಾರಾ? ಬೇಡವೆಂದರೂ ಸೆರಗು ಬಿಚ್ಚಿ ಹರಡುತ್ತಾರೆ. ಪುಸ್ತಕಕ್ಕೆ ಮಾತ್ರ ಯಾಕೋ ಈ ಬಂದೋಬಸ್ತು.

ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿದವರು ಮುಖಪುಟ ಕಾಣುವ ಮೊದಲೇ ದುಡ್ಡು ಕೊಟ್ಟಿರುತ್ತಿದ್ದರು. 1935ರಲ್ಲಿ ಇಂಗ್ಲೆಂಡಿನ ಪ್ರಕಾಶಕರಾದ ಪೆಂಗ್ವಿನ್‌ನವರು ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು ಎಂದು ಬರೀ ಬಣ್ಣ ಹಚ್ಚಿ, ಕೆಳಗೊಂದು ಹಕ್ಕಿ ಕೂರಿಸಿ, ಆರು ಪೆನ್ಸಿಗೆ ಮಾರಿದರು. ಜನ ಮುಗಿಬಿದ್ದು ಕೊಂಡರು. ಹಾಗಾದರೆ ಮುಖಪುಟ ನೋಡಿ ಯಾರೂ ಪುಸ್ತಕ ಆರಿಸುವುದಿಲ್ಲ ಅನ್ನೋಣವೇ? ಅನ್ನಲು ನಮ್ಮ ಕಾಕಾ ಬಿಡುವುದಿಲ್ಲ.

ಕಾಕಾಗೆ ಪುಸ್ತಕ ಎರವಲು ಕೊಡುವುದೆಂದರೆ ಪ್ರಾಣಸಂಕಟ. ಚಂದದ ಮುಖಪುಟ ಕಂಡರೆ ತಾನೇ ಬಂದವರು ಕೇಳೋದು? ಎಲ್ಲಕ್ಕೂ ಹಳೇ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕಿಬಿಟ್ಟರು. ಬೆನ್ನ ಮೇಲೆ ಹೆಸರೂ ಬರೆಯಲಿಲ್ಲ. ಹಾಳೆ ಮಡಚುವಾಗ ಚಿತ್ರ ಒಳಗೆ ಹೋಗಬೇಕೋ ಹೊರಗೆ ಬರಬೇಕೋ ಎಂಬುದರ ಮೇಲೆ ಕಾಕುಗೂ ಅವರಿಗೂ ಒಂದು ಸಂಜೆಯಿಡೀ ಜಗಳ. ಕಾಕು ಗೆದ್ದರು, ಚಿತ್ರ ಹೊರಗೆ ಬಂತು. ಕಪಾಟಿನ ತುಂಬ ದೇವರು, ನಡುನಡುವೆ ಗೊಬ್ಬರದಂಗಡಿ ಕ್ಯಾಲೆಂಡರಿನ ಟ್ರ್ಯಾಕ್ಟರು. ಒಂದು ಪತ್ತೇದಾರಿ ಕಾದಂಬರಿಗೆ ಲಕ್ಷ್ಮಿ ಬಂದಳು. ಮೂರು ಕೊಲೆ ಅದರಲ್ಲಿ. ಅಜ್ಜಿ ಅದನ್ನು ದೇವರ ಜಗಲಿಗೆ ಒಯ್ದು ಶುಕ್ರವಾರ ಕುಂಕುಮ ಹಚ್ಚತೊಡಗಿದರು. ಓದಿದವರೆಲ್ಲ ಕೈಮುಗಿದು ವಾಪಸು ಇಡಬೇಕು. 'ಆಯಿ, ಅದು ಖೂನಿ ಕಥಿ' ಎಂದು ಕಾಕಾ ಹೇಳಿದರೆ, 'ಖೂನಿ ಒಳಗ ಆಗೇದ, ಲಕ್ಷ್ಮಿ ಹೊರಗ ಅದಾಳ' ಎಂದರಂತೆ.

ಬಂದವರು ಕೇಳುವುದನ್ನೇನೂ ಬಿಡಲಿಲ್ಲ. ವೆಂಕಟೇಶ್ವರ ಕೊಡ್ರಿ, ಸರಸ್ವತಿ ಕೊಡ್ರಿ ಎಂದು ಚಿತ್ರ ನೋಡಿಯೇ ಆರಿಸಿಕೊಂಡು ಹೋದರು. ಟ್ರ್ಯಾಕ್ಟರನ್ನು ಒಬ್ಬರೂ ಮುಟ್ಟಲಿಲ್ಲ. ಅದರೊಳಗೆ ಕಾಕಾ ಯಾರಿಗೂ ಕೊಡಬಾರದೆಂದು ಇಟ್ಟುಕೊಂಡಿದ್ದ ಕಾದಂಬರಿಗಳಿದ್ದವು. ಹೊಸ ಪುಸ್ತಕ ಬಂದಾಗಲೆಲ್ಲ ಅವರು ಗೊಬ್ಬರದಂಗಡಿಗೆ ಹೋಗಿ, 'ಈ ವರ್ಷದ ಕ್ಯಾಲೆಂಡರ್ ಉಳಿದಾವೇನ್ರಿ?' ಎಂದು ಕೇಳತೊಡಗಿದರು.